ಐರೋಲಿಗೆ ಓಡಿಬಂದವನ ಹೆಸರು

ನವಿ ಮುಂಬಯಿಯ ಐರೋಲಿಯಲ್ಲಿರುವ ನಮ್ಮ ಅಂಗಡಿಗೆ ಸೋಲಾಪುರದವ ಎಂದು ಹೇಳಿಕೊಂಡು ಕೆಲಸಕ್ಕೆ ಬಂದ ಹುಡುಗ ಎರಡನೆಯ ರಾತ್ರಿಯೇ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಇದೆಯಾ ಎಂದು ಕೇಳಿದ. ಇವ ನಮ್ಮ ಕಡೆಯವ ಎಂದು ಆಗಲೇ ಗೊತ್ತಾಯಿತು. ನಾನೇನೂ ಕೇಳಲಿಲ್ಲ. ಊರು ಬಿಟ್ಟು ಬಂದವನನ್ನು ಮೊದಲ ವಾರ ಏನೂ ಕೇಳಬಾರದೆಂಬುದು ನಾನು ಹೋಟೆಲಿನಲ್ಲಿ ಕಲಿತ ಮೊದಲ ಪಾಠ. ನನ್ನನ್ನೂ ಯಾರೂ ಕೇಳಿರಲಿಲ್ಲ.

1979ರಲ್ಲಿ ಏಳನೆಯ ಕ್ಲಾಸು ಫೇಲಾಗಿ, ಅಪ್ಪನ ಪೆಟ್ಟಿಗೆ ಹೆದರಿ ಹೆಬ್ರಿಯಿಂದ ಬೊಂಬಾಯಿಗೆ ಓಡಿಬಂದವ ನಾನು. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ ಸಿಕ್ಕಿತು. ನನ್ನ ಹೆಸರಿನವರು ಅಲ್ಲಿ ಆಗಲೇ ಇಬ್ಬರಿದ್ದರು. ಕರೆಯಲು ಕಷ್ಟವೆಂದು ಧಣಿ ನನಗೆ ಬೇರೆ ಹೆಸರಿಟ್ಟರು, ಕನ್ನಡ ರಾತ್ರಿ ಶಾಲೆಗೆ ಸೇರಿಸುವಾಗ ಅದನ್ನೇ ಬರೆಸಿದರು. ಮೂರು ತಿಂಗಳ ಮೇಲೆ ತಡೆಯಲಾರದೆ ಅಮ್ಮನಿಗೊಂದು ಕಾರ್ಡು ಹಾಕಿದೆ. ವಿಳಾಸ ಬರೆಯಲಿಲ್ಲ, ಜಾಣತನ! ಅಂಚೆಯ ಮುದ್ರೆಯನ್ನು ಮರೆತಿದ್ದೆ. ಅದನ್ನು ಓದಿಸಿಕೊಂಡು ಸೋದರಮಾವ ಬಂದರು, ನಾಲ್ಕು ದಿನ ಹೋಟೆಲಿಂದ ಹೋಟೆಲಿಗೆ ಅಲೆದರು. ಸಿಕ್ಕಿದ ಮೇಲೆ ಹೊಡೆಯಲಿಲ್ಲ, ಕೂತು ಮಸಾಲೆ ದೋಸೆ ತಿಂದರು.

ಈ ಹುಡುಗನಿಗೆ ವಯಸ್ಸು ಇಪ್ಪತ್ತೆರಡು. ಐರೋಲಿಯಲ್ಲಿ ಕಾಣೆಯಾಗುವುದು ಅವನು ಎಣಿಸಿದಷ್ಟು ಸುಲಭವಿರಲಿಲ್ಲ. ರೂಮು ನೋಡಲು ಹೋದ. ಕರಾರು ನೋಂದಣಿಗೆ ಆಧಾರ್, ಹೆಬ್ಬೆಟ್ಟು. ಪೊಲೀಸರಿಗೆ ಕೊಡಲು ಫೋಟೋ. ಹೊಸ ಸಿಮ್ ಕೇಳಿದ. ಅಲ್ಲೂ ಆಧಾರ್. ಕೊನೆಗೆ ನಮ್ಮ ಅಂಗಡಿಯ ಅಟ್ಟದಲ್ಲೇ ಮಲಗಿಕೊಂಡ. ಹತ್ತನೆಯ ದಿನ ಮುಂಗಡ ಬೇಕೆಂದ. ನನ್ನ ಬಳಿ ನಗದು ಇರಲಿಲ್ಲ. ಚೀಲದ ತಳದಿಂದ ಫೋನು ತೆಗೆದು, ಹಳೆಯ ಸಿಮ್ಮನ್ನೇ ಹಾಕಿ, ನಂಬರು ಕೊಟ್ಟ. ಐನೂರು ರೂಪಾಯಿ ಕಳಿಸಲು ನಂಬರು ಒತ್ತಿದೆನೋ ಇಲ್ಲವೋ, ಪರದೆಯ ಮೇಲೆ ಬ್ಯಾಂಕಿನಲ್ಲಿದ್ದ ನಿಜ ಹೆಸರು ಮೂಡಿತು. ನಾನು ಓದಿದ್ದನ್ನು ಅವನೂ ನೋಡಿದ.

ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಆನ್‌ಲೈನ್ ರಮ್ಮಿ, ಅದಕ್ಕೆ ಸಾಲದ ಆಪು, ಆ ಸಾಲ ತೀರಿಸಲು ಇನ್ನೊಂದು ಆಪು. ಸಾಲ ಕೊಟ್ಟವರೆಲ್ಲ ಒಟ್ಟಿಗೆ ಕರೆಯುತ್ತಿದ್ದರು. ಊರಲ್ಲಿ ಕಾಣೆಯಾದ ದೂರು ದಾಖಲಾಗಿತ್ತು. ಫೋನು ಯಾವ ಟವರಿಗೆ ಸೇರಿತೆಂಬುದು ಪೊಲೀಸರಿಗೆ ತಿಳಿದು, ಎರಡನೆಯ ದಿನ ಸ್ಟೇಷನ್ನಿನಿಂದ ಕರೆ ಬಂತು. ನನ್ನ ಮಾವ ನಾಲ್ಕು ದಿನ ಸುತ್ತಿದ ಕೆಲಸ.

ಅಮೆರಿಕದ ಪತ್ರಕರ್ತ ಇವಾನ್ ರಾಟ್ಲಿಫ್ 2009ರಲ್ಲಿ ಬೇಕೆಂದೇ ಒಂದು ತಿಂಗಳು ಕಾಣೆಯಾಗಲು ಹೊರಟ. ಹಿಡಿದವರಿಗೆ ಐದು ಸಾವಿರ ಡಾಲರ್ ಬಹುಮಾನವಿತ್ತು. ತಿಂಗಳು ತುಂಬುವ ಮೊದಲೇ ನ್ಯೂ ಆರ್ಲಿಯನ್ಸ್‌ನಲ್ಲಿ ಸಿಕ್ಕಿಬಿದ್ದ. ಅವನಿಗೆ ಗೋಧಿ ಆಗದು. ಗೋಧಿಯಿಲ್ಲದ ಪಿಜ್ಜಾ ಮಾರುವ ಅಂಗಡಿಯವರೂ ಅವನನ್ನು ಹುಡುಕುವವರ ಜತೆ ಸೇರಿದ್ದರು. ಅವನ ಕಥೆ ಓದಿದಾಗ ನನಗೆ ಈ ಹುಡುಗನ ಉಪ್ಪಿನಕಾಯಿ ನೆನಪಾಯಿತು.

ಹುಡುಗ ಕೇಳಿದ, "ಮಾಮ, ಬೇರೆ ಹೆಸರಿನಲ್ಲಿ ಹೊಸ ಆಧಾರ್ ಮಾಡಿಸಿದರೆ?" ಆಗದು. 2010ರಲ್ಲಿ ಇದೇ ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಕೊಟ್ಟ ಕಾಲದಿಂದಲೂ ಹತ್ತು ಬೆರಳು, ಎರಡು ಕಣ್ಣಿನ ಪಾಪೆ ದಾಖಲಾಗುತ್ತವೆ. ಹೊಸ ಅರ್ಜಿ ಬಂದರೆ ಯಂತ್ರ ಹಳೆಯದನ್ನೆಲ್ಲ ತಾಳೆ ನೋಡಿ, ಯಾವುದಕ್ಕಾದರೂ ಹೊಂದಿದರೆ ತಳ್ಳಿಹಾಕುತ್ತದೆ. ಅದರಿಂದ ಒಳ್ಳೆಯದೂ ಆಗಿದೆಯೆನ್ನಿ. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡಿದ್ದ ಜಬಲ್ಪುರದ ಹುಡುಗನೊಬ್ಬನಿಗೆ ನಾಗಪುರದಲ್ಲಿ ಆಧಾರ್ ಮಾಡಿಸಲು ಹೋದಾಗ ಬೆರಳಚ್ಚು ಹಳೆಯ ಆಧಾರಿಗೆ ಹೊಂದಿ, 2021ರಲ್ಲಿ ಮನೆಯವರು ಸಿಕ್ಕಿದರು. ಕಾನೂನು ಪ್ರಕಾರ ಹೆಸರು ಬದಲಿಸಬಹುದು, ಆದರೆ ಗೆಜೆಟ್ಟಿನಲ್ಲಿ ಹೊಸ ಹೆಸರಿನ ಪಕ್ಕ ಹಳೆಯದೂ ಅಚ್ಚಾಗುತ್ತದೆ. ಅಡಗಲು ಹೊರಟವ ಡಂಗುರ ಹೊಡೆಸಿದ ಹಾಗೆ.

ತಮಾಷೆಯೆಂದರೆ ನಮ್ಮ ಹುಡುಗ ಅಡಗಲು ಬಂದ ಜಾಗ. ಐರೋಲಿ, ರಬಾಳೆ, ಮಹಾಪೆಯ ಉದ್ದಕ್ಕೂ ಎದ್ದಿರುವ, ಕಿಟಕಿಯೇ ಕಾಣದ ಕಟ್ಟಡಗಳೆಲ್ಲ ಡೇಟಾ ಸೆಂಟರುಗಳು. ಜನರ ಲೆಕ್ಕ, ಮಾತು, ಫೋಟೋ ಹಗಲು ರಾತ್ರಿ ಅಂಥ ಕಡೆ ತಂಪಿನಲ್ಲಿ ಕೂತಿರುತ್ತವೆ. ಅಲ್ಲಿಯ ವಾಚ್‌ಮನ್ನರಿಗೆ ದಿನಾ ಚಹಾ ಒಯ್ಯುತ್ತಿದ್ದವ ಇವನೇ.

ಸ್ಟೇಷನ್ನಿನಲ್ಲಿ, ನನ್ನಿಚ್ಛೆಯಿಂದ ಬಂದಿದ್ದೇನೆ ಎಂದು ಹೇಳಿಕೆ ಬರೆದುಕೊಟ್ಟ. ಪ್ರಾಯಕ್ಕೆ ಬಂದವನಾದ್ದರಿಂದ ಯಾರೂ ಎಳೆದೊಯ್ಯಲಿಲ್ಲ. ಸಾಲ ಹಾಗೇ ಇದೆ. ತಾಯಿಗೆ ಮಾತ್ರ ದಿನವೂ ಫೋನು ಮಾಡುತ್ತಾನೆ.

ಮೊನ್ನೆ ರಾತ್ರಿ ಗಲ್ಲೆ ಎಣಿಸುವಾಗ ಕೇಳಿದ, "ಮಾಮ, ನಿಮ್ಮ ಆಧಾರಿನಲ್ಲಿ ಯಾವ ಹೆಸರು?"

ಧಣಿ ಇಟ್ಟದ್ದೇ. ರಾತ್ರಿ ಶಾಲೆಯ ಸರ್ಟಿಫಿಕೇಟಿನಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ವೋಟರ್ ಕಾರ್ಡಿಗೆ, ಅಲ್ಲಿಂದ ಆಧಾರಿಗೆ ಬಂತು. ಈಗ ನನ್ನ ಹತ್ತೂ ಬೆರಳು ಆ ಹೆಸರಿಗೇ ಸಾಕ್ಷಿ. ಹಳೆಯ ಹೆಸರು ಹಿಡಿದು ಕರೆಯಲು ಹೆಬ್ರಿಯಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಾಳೆ.