ಪಡುಗಡಲ ಅರಸರ ಊರಿನಲ್ಲಿ

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಬೆಳಕು ಹರಿಯುವ ಹೊತ್ತಿಗೇ ಗೋವೆಯ ಗದ್ದಲ ಶುರುವಾಗುತ್ತದೆ. ಪಣಜಿ, ಮಡಗಾಂವ, ವಾಸ್ಕೊ ಎಂದು ಕಂಡಕ್ಟರುಗಳು ಕೂಗುತ್ತಾರೆ. ಕಾಯಿಪಲ್ಲೆಯ ಚೀಲ ಹೊತ್ತವರು, ಕುಂದಾದ ಡಬ್ಬಿ ಹಿಡಿದವರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕಿಟಕಿ ಸೀಟು ಹುಡುಕುವ ಹೆಂಗಸರು ಅಲ್ಲಿ ಕಾಣುತ್ತಾರೆ. ಒಂದೇ ಬೆಂಚಿನ ಮೇಲೆ ಕನ್ನಡ, ಮರಾಠಿ, ಕೊಂಕಣಿ ಮೂರೂ ನಡೆದಿರುತ್ತವೆ. ನಮ್ಮ ವಾಯವ್ಯ ಸಾರಿಗೆಯ ಬಸ್ಸುಗಳ ನಡುವೆ ಗೋವಾ ಸರ್ಕಾರದ ಬಸ್ಸೊಂದು ಬಂದು ನಿಲ್ಲುತ್ತದೆ. ಅದರ ಮೈಮೇಲೆ ‘ಕದಂಬ’ ಎಂಬ ಹೆಸರಿದೆ, ಜೊತೆಗೆ ಸಿಂಹದ ಲಾಂಛನವಿದೆ. 1980ರಲ್ಲಿ ಸಾರಿಗೆ ನಿಗಮ ಕಟ್ಟಿದಾಗ ಗೋವೆಯವರು ಹೆಸರನ್ನೂ ಲಾಂಛನವನ್ನೂ ತಮ್ಮ ಹಳೆಯ ಅರಸರಿಂದ ಪಡೆದರು. ಗೋವೆಯ ಕದಂಬರ ಚಿನ್ನದ ಗದ್ಯಾಣಗಳ ಮೇಲೆ ಇದ್ದದ್ದು ಇದೇ ಸಿಂಹ.

ಚೋರ್ಲಾ ಘಟ್ಟ ಇಳಿದು ಕಡಲಿಗೆ ಹೋಗುವ ಆ ಬಸ್ಸನ್ನು ಬಿಟ್ಟು ಖಾನಾಪುರದ ಬಸ್ಸು ಹತ್ತಬೇಕು. ಕದಂಬರ ಕಡಲಿನ ಕಥೆ ಅರ್ಥವಾಗಬೇಕಾದರೆ ಮೊದಲು ಕಾಡಿನ ಕಡೆಗೇ ಹೋಗಬೇಕು.

ಮಚ್ಛೆ, ದೇಸೂರು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಬೆಳಗಾವಿಯ ಪೂರ್ವಕ್ಕೆ ಹೋದರೆ ಎರೆಮಣ್ಣು, ಇಲ್ಲಿ ಕೆಂಪುಮಣ್ಣು. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೇ ಊರಲ್ಲಿ ನೆಲೆಯಾದದ್ದು ಆ ಮಣ್ಣಿನಿಂದಲೇ. ಊರಿನ ಮಗ್ಗುಲಲ್ಲಿ ಮಲಪ್ರಭೆ ಹರಿಯುತ್ತಾಳೆ. ಅವಳು ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತಾಳೆ. ಮಹದಾಯಿಯೂ ಇದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ, ಪಡುವಣಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತಾಳೆ. ಖಾನಾಪುರದ ಮಳೆ ಎರಡೂ ಕಡಲಿಗೆ ನೀರು ಕೊಡುತ್ತದೆ.

ಮುಂದೆ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅವನ ಸಮಾಧಿಗೆ ಕೈಮುಗಿದು ಮುಂದೆ ಹೊರಟರೆ ರಸ್ತೆ ಕಿರಿದಾಗುತ್ತದೆ, ಎರಡೂ ಬದಿಯ ಮರಗಳು ಹತ್ತಿರ ಬರುತ್ತವೆ. ಗೇರು, ಹಲಸು, ಮಾವು, ನಡುವೆ ಭತ್ತದ ಗದ್ದೆ. ಗುಡ್ಡದ ತಪ್ಪಲಿನಲ್ಲಿ ಹಲಸಿ.

ಮೊದಲ ನೋಟಕ್ಕೆ ಇದು ಎಲ್ಲ ಹಳ್ಳಿಗಳಂತೆ ಒಂದು ಹಳ್ಳಿ. ಹೆಂಚಿನ ಮನೆಗಳು, ಕಟ್ಟೆಯ ಮೇಲೆ ಕೂತ ಹಿರಿಯರು, ಒಣಗಲು ಹರವಿದ ಕಾಳು. ಆದರೆ ಯಾವ ಕಡೆ ನಡೆದರೂ ಒಂದು ಗುಡಿ ಎದುರಾಗುತ್ತದೆ. ಸುವರ್ಣೇಶ್ವರ, ಕಪಿಲೇಶ್ವರ, ಹಾಟಕೇಶ್ವರ, ಕಲ್ಮೇಶ್ವರ, ಜೊತೆಗೊಂದು ಜೈನ ಬಸದಿ. ಕೆಲವು ನೆಟ್ಟಗೆ ನಿಂತಿವೆ, ಕೆಲವು ಹಾಳಾಗಿವೆ. ಎಲ್ಲಕ್ಕೂ ದೊಡ್ಡದು ಭೂವರಾಹ ನರಸಿಂಹ ದೇವಾಲಯ. ಪ್ರಾಕಾರ ದಾಟಿ ಒಳಗೆ ಹೋದರೆ ಕಲ್ಲುಹಾಸಿನ ತಂಪು ಅಂಗಾಲಿನಿಂದ ಮೇಲೇರುತ್ತದೆ. ಇಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವಿನ ಮಂಟಪದಲ್ಲಿ ನಿಂತವನಿಗೆ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಭೂವರಾಹ. ಮುಖಮಂಟಪದಿಂದ ಬರುವ ಬೆಳಕು ವರಾಹನ ಮೈವರೆಗೂ ತಲುಪುವುದಿಲ್ಲ. ದೀಪ ಎತ್ತಿ ಹಿಡಿದಾಗ ಕಲ್ಲು ಕಪ್ಪಗೆ ಹೊಳೆಯುತ್ತದೆ. ಕಡಲಿನಲ್ಲಿ ಮುಳುಗಿದ್ದ ಭೂದೇವಿಯನ್ನು ಎತ್ತಿ ತಂದ ದೇವರು ಇವನು. ಈ ಕಾಡಿನ ನಡುವೆ, ಇಷ್ಟು ದೂರದಲ್ಲಿ, ಆ ದೇವರನ್ನು ನೋಡುವಾಗ ಇವನನ್ನು ಪೂಜಿಸಿದ ಅರಸರು ಕಡಲನ್ನು ಬಲ್ಲವರಾಗಿದ್ದರೆಂಬ ಮಾತು ನೆನಪಿಗೆ ಬಾರದೆ ಇರದು.

ಪ್ರಾಕಾರದ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ.

“ಅಜ್ಜಾರ, ಈ ಗುಡಿ ಯಾರು ಕಟ್ಟಿಸ್ಯಾರ್ರಿ?”

“ಕದಂಬರ ಕಾಲದ್ದು ಅಂತಾರ ನೋಡ್ರಿ. ಗೋವಾದ ರಾಜರಂತ.”

“ಅವರ ಹಡಗಿನ ಸುದ್ದಿ ಏನರ ಕೇಳೀರೇನ್ರಿ?”

“ಹಡಗಾ? ಈ ಗುಡ್ಡದಾಗ ಹಡಗ ಎಲ್ಲಿಂದ ಬರಬೇಕ್ರಿ!”

ಅಜ್ಜನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಶಾಸನಗಳಲ್ಲಿದೆ, ಆ ಶಾಸನಗಳು ನಾಲ್ಕು ದಿಕ್ಕಿಗೆ ಚದುರಿಹೋಗಿವೆ.

ಹಲಸಿಯ ಹಳೆಯ ಹೆಸರು ಪಲಾಶಿಕಾ, ಪಲಸಿಗೆ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಬಾವಿಯ ಹತ್ತಿರದ ದಿಬ್ಬದಲ್ಲಿ ಸಿಕ್ಕ ತಾಮ್ರಪಟಗಳನ್ನು 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮರ ದಾನಗಳು ಅವುಗಳಲ್ಲಿವೆ. ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿದ ಸಂಗತಿಯೂ ಇದೆ. ಅದಾಗಿ ಐದಾರು ಶತಮಾನ ಕಳೆದ ಮೇಲೆ ಅದೇ ಹೆಸರಿನ ಇನ್ನೊಂದು ಮನೆತನ, ಗೋವೆಯ ಕದಂಬರು, ಪಲಸಿಗೆ ಹನ್ನೆರಡು ಸಾವಿರ ನಾಡನ್ನು ಆಳಿದರು. ಅವರ ರಾಜಧಾನಿ ಮೊದಲು ಚಂದ್ರಪುರ, ಆಮೇಲೆ ಜುವಾರಿ ನದಿಯ ದಡದ ಗೋಪಕಪಟ್ಟಣ. ಘಟ್ಟದ ಕೆಳಗೆ ಬಂದರು, ಘಟ್ಟದ ಮೇಲೆ ಹಲಸಿ. ಈ ಮನೆತನದ ದೊರೆ ಶಿವಚಿತ್ತ ಪೆರ್ಮಾಡಿಯ ಕಾಲದ ಹಲಸಿಯ ಶಾಸನ ಕಲಿಯುಗದ 4270ನೆಯ ವರ್ಷವೆಂದು ಕಾಲ ಹೇಳುತ್ತದೆ, ಅಂದರೆ ಕ್ರಿ.ಶ. 1169. ಅವನ ರಾಣಿ ಕಮಲಾದೇವಿ ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಆ ಗುಡಿಯ ಕೆತ್ತನೆಯನ್ನು ನೋಡದವರು ಬೆಳಗಾವಿ ಜಿಲ್ಲೆಯನ್ನು ನೋಡಿಲ್ಲವೆಂದೇ ನನ್ನ ಎಣಿಕೆ.

ಈಗ ಹಡಗಿನ ಮಾತು. ಅದು ಇರುವುದು ಧಾರವಾಡದ ಪಕ್ಕದ ನರೇಂದ್ರ ಗ್ರಾಮದ 1125ರ ಶಾಸನದಲ್ಲಿ. ಕಡಲು ಕಾಣದ ಬಯಲಿನಲ್ಲಿ ನಿಲ್ಲಿಸಿದ ಆ ಕನ್ನಡ ಶಾಸನ, ಗೋವೆಯ ಕದಂಬ ದೊರೆ ಷಷ್ಠದೇವನನ್ನು, ಜನ ಚಟ್ಟಯ್ಯನೆಂದು ಕರೆಯುತ್ತಿದ್ದವನನ್ನು, ಹಡಗುಗಳ ಒಡೆಯನೆಂದು ಕೊಂಡಾಡುತ್ತದೆ. ಅವನು ಕವಡಿದ್ವೀಪವನ್ನು ಗೆದ್ದನಂತೆ. ಹಡಗಿನ ಸಾಲುಗಳಿಂದಲೇ ಲಂಕೆಯವರೆಗೆ ಸೇತುವೆ ಕಟ್ಟಿದನಂತೆ. ಸಮುದ್ರದ ಮೇಲೆ ಅವನ ಪ್ರತಾಪದ ಸುದ್ದಿ ಕೇಳಿ ಠಾಣೆಯ ದೊರೆ ಮುಮ್ಮುರಿ ತಾನೇ ಎದುರುಗೊಂಡು ಅರಮನೆಗೆ ಕರೆದೊಯ್ದು, ಮಗಳನ್ನು ಧಾರೆಯೆರೆದು, ಐದು ಲಕ್ಷ ಹೊನ್ನು ಕೊಟ್ಟನಂತೆ. ಹೊಗಳಿಕೆ ಹೊಗಳಿಕೆಯೇ. ಲಂಕೆಯ ಸೇತುವೆಯನ್ನು ಅಳೆಯಲು ಹೋಗಬೇಕಿಲ್ಲ. ಆದರೆ ಒಬ್ಬ ಅರಸನನ್ನು ಹೊಗಳಲು ಕುದುರೆ, ಆನೆ, ಕೋಟೆಗಳನ್ನು ಬಿಟ್ಟು ಹಡಗನ್ನು ಆರಿಸಿಕೊಂಡ ಕನ್ನಡ ಕವಿ ಅಲ್ಲಿದ್ದ, ಅದನ್ನು ಕೇಳಿ ತಲೆದೂಗುವ ಜನರೂ ಇದ್ದರು. ನನಗೆ ಅದು ಯಾವ ಯುದ್ಧಕ್ಕಿಂತಲೂ ದೊಡ್ಡ ಸಂಗತಿ.

ಇನ್ನೊಂದು ಪ್ರಸಂಗ ಮನಸ್ಸಿಗೆ ಇನ್ನೂ ಹತ್ತಿರದ್ದು. ಗೋವೆಯ ಕದಂಬ ದೊರೆ ಜಯಕೇಶಿಯ ಕಾಲದ, 11ನೆಯ ಶತಮಾನದ ತಾಮ್ರಶಾಸನ ಅದನ್ನು ಹೇಳುತ್ತದೆ. ಅವನ ಅಜ್ಜ ಗುಹಲ್ಲದೇವ ಸೋಮನಾಥನ ಯಾತ್ರೆಗೆಂದು ಹಡಗು ಹತ್ತಿದ. ನಡುದಾರಿಯಲ್ಲಿ ಕೂವೆಮರ ಮುರಿಯಿತು. ಹಡಗು ಗೋವೆಯ ಬಂದರಿಗೆ ಬಂದು ಆಸರೆ ಪಡೆಯಬೇಕಾಯಿತು. ಅಲ್ಲಿ ಕೈಹಿಡಿದವನು ಮದುಮದನೆಂಬ ಅರಬ್ ವರ್ತಕ. ಆ ಉಪಕಾರವನ್ನು ಅರಸುಮನೆ ಮರೆಯಲಿಲ್ಲ. ವರ್ತಕನ ವಂಶದ ಸಾಧನನೆಂಬವನನ್ನು ಜಯಕೇಶಿ ಅಧಿಕಾರದಲ್ಲಿ ಕೂರಿಸಿದ. ಸಾಧನ ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಮೇಲೆ ತೆರಿಗೆ ಹಾಕಲು ಒಪ್ಪಿಗೆ ಕೊಟ್ಟ. ಯಾವ ಯಾವ ನಾಡಿನ ಹಡಗುಗಳೆಂದು ಪಟ್ಟಿಯೂ ಇದೆ: ಗುರ್ಜರ, ಸೌರಾಷ್ಟ್ರ, ಪಾಂಡ್ಯ, ಕೇರಳ, ಸಿಂಹಳ, ಹೀಗೆ ಸಾಗುತ್ತದೆ. ಭೂವರಾಹನಿಗೆ ನಡೆದುಕೊಂಡ ಅದೇ ಮನೆತನ ಬಂದರಿನ ಮಸೀದಿಗೆ ತೆರಿಗೆ ಬಿಟ್ಟುಕೊಟ್ಟಿತ್ತು. ಕಡಲು ಹೇಳಿಕೊಟ್ಟ ನಡವಳಿಕೆ ಅದು.

ಬಂದರಿನ ಅರಸರಿಗೆ ಘಟ್ಟದ ಮೇಲಿನ ಊರು ಯಾಕೆ ಬೇಕಿತ್ತೆಂಬುದನ್ನು ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿ ಹೇಳುತ್ತದೆ. 12ನೆಯ ಶತಮಾನ ಮುಗಿಯುವ ಹೊತ್ತಿಗೆ ಬೆಳಗಾವಿ ಕದಂಬರ ಕೈತಪ್ಪಿ ರಟ್ಟರದ್ದಾಯಿತು. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಬಸದಿ ಕಟ್ಟಿಸಿದ. ಅದಕ್ಕೆ ಸಂಬಂಧಿಸಿದ ಶಾಸನದಲ್ಲಿ ಊರಿನ ಪೇಟೆಯಲ್ಲಿದ್ದ ವರ್ತಕರ ಉಲ್ಲೇಖ ಬರುತ್ತದೆ. ಅವರಲ್ಲಿ ಲಾಳ ನಾಡಿನವರು, ಅಂದರೆ ಗುಜರಾತಿನವರಿದ್ದಾರೆ, ಮಲೆಯಾಳದವರೂ ಇದ್ದಾರೆ. ಕರಾವಳಿಯ ಉದ್ದಕ್ಕೂ ಓಡಾಡುವ ವ್ಯಾಪಾರಿಗಳು ವೇಣುಗ್ರಾಮದ, ಅಂದರೆ ಬೆಳಗಾವಿಯ, ಪೇಟೆಗೆ ಬಂದು ಕೂತಿದ್ದರು. ಆ ಶಾಸನದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸರಕು ಏರುವ ದಾರಿ ಆಮೇಲೂ ಬದಲಾಗಲಿಲ್ಲ. 1880ರ ದಶಕದಲ್ಲಿ ಮುರಗಾಂವ ಬಂದರಿನಿಂದ ರೈಲುಹಳಿ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮೂಲಕ ಇದೇ ಖಾನಾಪುರ ತಾಲ್ಲೂಕಿನ ಲೋಂಡಾಕ್ಕೆ ಬಂದು ಸೇರಿತು.

ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು, ಈ ಕಾಲದ ಹಡಗುಗಳನ್ನು ನೋಡಲು ಕಾರವಾರಕ್ಕೆ ಇಳಿಯಬೇಕು.

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಹೆದ್ದಾರಿಯ ಮಗ್ಗುಲಿಗೇ ಬೂದುಬಣ್ಣದ ಹಡಗೊಂದು ನೆಲದ ಮೇಲೆ ನಿಂತಿದೆ. ಐಎನ್ಎಸ್ ಚಪಲ್. ರಷ್ಯಾದಲ್ಲಿ ತಯಾರಾದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆ ಸೇರಿ, 2005ರ ಮೇ ತಿಂಗಳಲ್ಲಿ ನಿವೃತ್ತಿಯಾಗಿ, ಮರುವರ್ಷವೇ ವಸ್ತುಸಂಗ್ರಹಾಲಯವಾಯಿತು. ಎರಡೂ ಪಕ್ಕಕ್ಕೆ ನಾಲ್ಕು ದೊಡ್ಡ ಕ್ಷಿಪಣಿ ಪೆಟ್ಟಿಗೆಗಳು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಇದೇ ಜಾತಿಯವು. ಚಪಲ್ ಅವುಗಳ ನಂತರ ಬಂದ ತಂಗಿ. ಒಳಗಿನ ಏಣಿ ಕಡಿದು, ಬಾಗಿಲು ಇಕ್ಕಟ್ಟು. ತಲೆ ತಗ್ಗಿಸದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲಾಗುವುದಿಲ್ಲ. ಹೊರಗೆ ಸಮುದ್ರ ಎಷ್ಟು ಅಗಲವೋ, ಒಳಗೆ ನಾವಿಕನ ಜಾಗ ಅಷ್ಟೇ ಚಿಕ್ಕದು. ಮಕ್ಕಳು ಚುಕ್ಕಾಣಿಯ ಹತ್ತಿರ ಹೋಗಿ ನಿಂತರೆ ಕೆಳಗಿಳಿಯಲು ಒಪ್ಪುವುದಿಲ್ಲ.

ಈಚಿನ ಸುದ್ದಿಯೆಂದರೆ ಚಪಲ್‌ಗೆ ಜೊತೆ ಸಿಕ್ಕಿದೆ. ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ಬಿಡಿಬಿಡಿಯಾಗಿ ತಂದು ಇದೇ ತೀರದಲ್ಲಿ ಜೋಡಿಸಿದ್ದಾರೆ. 1988ರಲ್ಲಿ ಗೋವೆಯ ಐಎನ್ಎಸ್ ಹಂಸಕ್ಕೆ ಬಂದು, ಆಮೇಲೆ ಅರಕ್ಕೋಣದಿಂದ ಹಾರಿ, 2017ರ ಮಾರ್ಚ್ 29ರಂದು ನಿವೃತ್ತಿ ಪಡೆದ ವಿಮಾನಗಳ ಗುಂಪಿನದು ಇದು. ನಾಲ್ಕು ಎಂಜಿನ್, ಪ್ರತಿ ಎಂಜಿನ್ನಿಗೂ ಒಂದರ ಹಿಂದೊಂದು, ವಿರುದ್ಧ ದಿಕ್ಕಿಗೆ ತಿರುಗುವ ಎರಡು ಸಾಲು ಪ್ರೊಪೆಲ್ಲರ್ ಅಲಗುಗಳು. ಕಡಲಿನ ಮೇಲೆ ಗಂಟೆಗಟ್ಟಲೆ ಸುತ್ತಿ ಸಬ್‌ಮರೀನ್‌ಗಳನ್ನು ಹುಡುಕುವುದು ಅದರ ಕೆಲಸವಾಗಿತ್ತು. ನೆಲದಲ್ಲಿ ನಿಂತ ಅದರ ರೆಕ್ಕೆಯಡಿ ಒಂದು ಶಾಲೆಯ ಮಕ್ಕಳೆಲ್ಲ ನಿಲ್ಲಬಹುದು.

ಕಾರವಾರದ ನೌಕಾನೆಲೆಯ ಹೆಸರು ಐಎನ್ಎಸ್ ಕದಂಬ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ 2005ರ ಮೇ 31ರಂದು ಆ ಹೆಸರಿನಲ್ಲಿ ನೌಕಾಪಡೆಗೆ ಸೇರಿತು. ಅದೇ ನೆಲೆಯಲ್ಲಿ 2025ರ ಮೇ 21ರಂದು ಇನ್ನೊಂದು ಹಡಗು ಸೇರ್ಪಡೆಯಾಯಿತು: ಐಎನ್ಎಸ್‌ವಿ ಕೌಂಡಿನ್ಯ. ಅಜಂತೆಯ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಕೇರಳದ ಕುಶಲಕರ್ಮಿಗಳು ಗೋವೆಯಲ್ಲಿ ಕಟ್ಟಿದ ಹಡಗು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. 2025ರ ಡಿಸೆಂಬರ್ ಕೊನೆಯಲ್ಲಿ ಅದು ಪೋರಬಂದರಿನಿಂದ ಮಸ್ಕತ್ತಿನ ಕಡೆಗೆ ಹಾಯಿ ಬಿಚ್ಚಿತು. ಸೋಮನಾಥಕ್ಕೆಂದು ಗುಹಲ್ಲದೇವನ ಹಡಗು ಯಾವ ತೀರದ ಕಡೆಗೆ ಹೊರಟಿತ್ತೋ ಆ ಸೌರಾಷ್ಟ್ರದಿಂದ, ಮದುಮದನ ಜನರ ಅರಬ್ ನಾಡಿನ ಕಡೆಗೆ! ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಹಲಸಿ.

ಮುಂದೆ ಬರುವ ದಿನಗಳನ್ನು ಬೆಳಗಾವಿ, ಖಾನಾಪುರದ ಮೇಷ್ಟರುಗಳು ಗುರುತು ಹಾಕಿಕೊಳ್ಳಬೇಕು. ಡಿಸೆಂಬರ್ 4 ನೌಕಾಪಡೆಯ ದಿನ. ಅದರ ಆಸುಪಾಸಿನಲ್ಲಿ ಕಾರವಾರದ ನೆಲೆಯಲ್ಲಿ ಯುದ್ಧನೌಕೆಗಳನ್ನು ಸಾರ್ವಜನಿಕರಿಗೆ ತೋರಿಸಿದ ವರ್ಷಗಳಿವೆ. ಏಪ್ರಿಲ್ 5 ರಾಷ್ಟ್ರೀಯ ನೌಕಾಯಾನ ದಿನ. 1919ರಲ್ಲಿ ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ನೆನಪು. ಮೇ 18 ವಸ್ತುಸಂಗ್ರಹಾಲಯಗಳ ದಿನ. ಶಾಲೆಯ ಪ್ರವಾಸವನ್ನು ನೇರವಾಗಿ ಗೋವೆಯ ಬೀಚಿಗೆ ಒಯ್ಯುವ ಬದಲು ಮೊದಲ ನಿಲುಗಡೆ ಹಲಸಿಯಾಗಲಿ. ಮಕ್ಕಳು ಭೂವರಾಹನನ್ನು ನೋಡಲಿ, ಕೂವೆಮರ ಮುರಿದ ಕಥೆ ಅಲ್ಲೇ ಕೂತು ಕೇಳಲಿ, ಆಮೇಲೆ ಕಾರವಾರದಲ್ಲಿ ಚಪಲ್ ಹತ್ತಲಿ. ಗೋವೆಯ ಬೋಗ್ಮಾಳೊದಲ್ಲಿ 1998ರಿಂದ ಇರುವ ನೌಕಾ ವಾಯುಪಡೆ ವಸ್ತುಸಂಗ್ರಹಾಲಯವನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಕಾರವಾರದ ವಸ್ತುಸಂಗ್ರಹಾಲಯ ನೋಡಿಕೊಳ್ಳುವವರಿಗೂ ಪುರಾತತ್ವ ಇಲಾಖೆಗೂ ಒಂದು ಬೇಡಿಕೆ. ನರೇಂದ್ರದ ಶಾಸನದ ಅಚ್ಚುಪ್ರತಿಯೊಂದು, ಗೋಪಕಪಟ್ಟಣದ ಬಂದರಿನಿಂದ ಹಲಸಿಯವರೆಗಿನ ನಕ್ಷೆಯೊಂದು ಚಪಲ್ ಪಕ್ಕದಲ್ಲಿ ಇರಲಿ. ಅದೇ ನಕ್ಷೆ ಹಲಸಿಯ ಗುಡಿಯ ಬಾಗಿಲಲ್ಲೂ ಇರಲಿ, ಕನ್ನಡದಲ್ಲಿ, ಮರಾಠಿಯಲ್ಲಿ, ಕೊಂಕಣಿಯಲ್ಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಹೊಸ ಕಟ್ಟಡವೂ ಬೇಡ. ಈ ವರ್ಷದ ನೌಕಾಪಡೆಯ ದಿನದೊಳಗೇ ಮಾಡಬಹುದಾದ ಕೆಲಸ.