ಹಳೆಯ ದೋಣಿಗಳ ಕ್ರಯವೂ ಕರಾವಳಿಯ ಅಭದ್ರತೆಯೂ

ಸಿದ್ದಾಪುರವು ಕಡಲು ಕಾಣದ ಊರು. ಬಾಳೆಬರೆ ಘಾಟಿಯನ್ನಿಳಿದು ಹೊಸಂಗಡಿಯ ಮಾರ್ಗವಾಗಿ ಬರುವ ಪ್ರಯಾಣಿಕನಿಗೆ ಇಲ್ಲಿ ಗೋಚರಿಸತಕ್ಕವು ಅಡಕೆಯ ತೋಟ, ಗೇರಿನ ಹಾಡಿ, ಭತ್ತದ ಗದ್ದೆಗಳೇ ಹೊರತು ಬಲೆಯೂ ಅಲ್ಲ, ಹುಟ್ಟೂ ಅಲ್ಲ. ಹೀಗಿರಲು ಹಳೆಯ ದೋಣಿಗಳ ವ್ಯಾಪಾರದ ಮಾತನ್ನು ಈ ಊರಿನ ವಾಚಕರ ಮುಂದೆ ತರುವುದು ವಿಚಿತ್ರವಾಗಿ ತೋರಬಹುದು. ಆದರೆ ಹೊಸಂಗಡಿಯ ನೆಲದೊಳಗಿನ ವಿದ್ಯುದಾಗಾರದಿಂದ ಹೊರಬೀಳುವ ವಾರಾಹಿಯ ನೀರು ಹಾಲಾಡಿ, ಬಸ್ರೂರುಗಳನ್ನು ಬಳಸಿ, ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳೊಡಗೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುವಂತೆಯೇ, ಈ ಸೀಮೆಯ ಹಣವೂ ದುಡಿಮೆಯೂ ಕಡಲಿನ ಕಡೆಗೇ ಹರಿಯುವುವು. ಸೊಸೈಟಿಯಲ್ಲಿಟ್ಟ ಠೇವಣಿಯು ಸಾಲವಾಗಿ ಬಂದರವನ್ನು ಸೇರುವುದುಂಟು; ಬಂದರದಲ್ಲಿ ಮೀನು ಬೀಳದ ವಾರ ಪೇಟೆಯ ಅಂಗಡಿಯಲ್ಲಿ ಕಡದ ಲೆಕ್ಕ ಬೆಳೆಯುವುದುಂಟು. ಆದುದರಿಂದ ಗಂಗೊಳ್ಳಿಯ ದಡದಲ್ಲಿ ನಿಂತ ಒಂದು ಹಳೆಯ ಬೋಟಿಗೆ ಗಿರಾಕಿ ಬಾರದಿದ್ದರೆ ಅದು ಕೇವಲ ಅದರ ಯಜಮಾನನ ಕಷ್ಟವೆಂದು ಸುಮ್ಮನಿರಲಾಗದು.

ದೇಶದ ಆರ್ಥಿಕ ಸ್ಥಿತಿಯನ್ನು ಅರಿಯಲಪೇಕ್ಷಿಸುವವರು ಬ್ಯಾಂಕುಗಳ ವರದಿಗಳನ್ನೂ ಷೇರುಪೇಟೆಯ ಅಂಕಿಗಳನ್ನೂ ನೋಡುವುದು ವಾಡಿಕೆ. ಕರಾವಳಿಯ ಸ್ಥಿತಿಯನ್ನು ಅರಿಯಲು ಅದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲೊಂದಿದೆಯೆಂದು ನಮ್ಮ ಅಭಿಪ್ರಾಯ. ಅದು ಹಳೆಯ ದೋಣಿಯ ಕ್ರಯ. ಹೊಸ ದೋಣಿಯ ಬೆಲೆಯನ್ನು ಮರ, ಉಕ್ಕು, ಯಂತ್ರ, ಕೂಲಿಗಳು ಗೊತ್ತುಮಾಡುತ್ತವೆ. ಮೀನು ಸಿಕ್ಕಲಿ ಬಿಡಲಿ, ಅದು ಸುಲಭವಾಗಿ ಇಳಿಯದು. ಹಳೆಯ ದೋಣಿಯ ಬೆಲೆಯನ್ನಾದರೋ ಗೊತ್ತುಮಾಡುವುದು ಬರುವ ವರ್ಷದ ಮೇಲಣ ಭರವಸೆ. ಆ ಭರವಸೆಯು ಕುಂದಿದೊಡನೆ ಮೊದಲು ಕುಸಿಯುವುದು ಇದೇ ಬೆಲೆ.

ಈ ವ್ಯಾಪಾರ ನಡೆಯುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದು ಎಲ್ಲರಿಗೂ ವಿದಿತವೇ ಆಗಿದೆ. ಆ ಎರಡು ತಿಂಗಳು ಸಂಪಾದನೆ ಇಲ್ಲ. ಖರ್ಚು ಮಾತ್ರ ಉಂಟು. ಒಡಲನ್ನು ದುರಸ್ತಿಮಾಡಬೇಕು, ಬಣ್ಣ ಬಳಿಯಬೇಕು, ಯಂತ್ರವನ್ನು ಬಿಚ್ಚಿ ಜೋಡಿಸಬೇಕು, ಬಲೆಯನ್ನು ಸರಿಪಡಿಸಬೇಕು; ಮುಂದಿನ ಋತುವಿಗೆ ಆಳುಗಳನ್ನು ಗೊತ್ತುಮಾಡಿ ಮುಂಗಡ ಕೊಡಬೇಕು. ಹಿಂದಿನ ಋತುವಿನ ಸಾಲದವರು ಬಾಗಿಲಿಗೆ ಬರುವುದೂ ಇದೇ ಕಾಲದಲ್ಲಿ. ಮಾರುವ ಯೋಚನೆ ಹುಟ್ಟುವುದು ಆಗಲೇ. ದಡಕ್ಕೆಳೆದ ದೋಣಿಯ ಅಡಿಯನ್ನು ನೋಡಲು ಕೊಳ್ಳುವವನಿಗೂ ಆಗಲೇ ಅನುಕೂಲ. ದಲ್ಲಾಳಿಯು ನಡುವೆ ನಿಂತು ಒಡಲಿಗಿಷ್ಟು, ಯಂತ್ರಕ್ಕಿಷ್ಟು, ಗೇರುಪೆಟ್ಟಿಗೆಗಿಷ್ಟು, ಬಲೆಗಿಷ್ಟು, ಮೀನಿನ ಜಾಡು ತೋರಿಸುವ ಉಪಕರಣಕ್ಕಿಷ್ಟು ಎಂದು ಬೇರೆ ಬೇರೆ ಬೆಲೆ ಕಟ್ಟಿ ಕೂಡಿಸುತ್ತಾನೆ. ಮಾತು ಮುಗಿದರೆ ಮುಂಗಡ ಕೈ ಸೇರುತ್ತದೆ. ಕಾಗದಪತ್ರದ ಮಾತು ಬಹುಮಟ್ಟಿಗೆ ಮುಂದಕ್ಕೆ ಹೋಗುತ್ತದೆ.

ಒಳ್ಳೆಯ ವರ್ಷಗಳಲ್ಲಿ ಈ ಪದ್ಧತಿಯಿಂದ ಯಾರಿಗೂ ಹೆಚ್ಚಿನ ತೊಂದರೆಯಾಗದು. ಒಬ್ಬನು ದೊಡ್ಡ ಬೋಟು ಕಟ್ಟಿಸಲು ಸಣ್ಣದನ್ನು ಮಾರುತ್ತಾನೆ. ಇನ್ನೊಬ್ಬನು, ಹತ್ತು ವರ್ಷ ಪರರ ದೋಣಿಯಲ್ಲಿ ಪಾಲಿಗೆ ದುಡಿದವನು, ಅದನ್ನು ಕೊಂಡು ಯಜಮಾನನಾಗುತ್ತಾನೆ. ಬಡ ಮೀನುಗಾರನಿಗೆ ಒಡೆತನದ ಮೊದಲ ಮೆಟ್ಟಿಲು ಹಳೆಯ ದೋಣಿಯೇ. ಈ ಮಾತನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಏಕೆಂದರೆ ಅನಿಶ್ಚಿತತೆಯ ಕಾಲದಲ್ಲಿ ಮೊದಲು ಮುರಿಯುವುದು ಈ ಮೆಟ್ಟಿಲೇ.

ಅಂತಹ ಕಾಲಗಳು ನಮ್ಮ ಕರಾವಳಿಗೆ ಹೊಸವಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯು ನಮ್ಮ ತೀರಕ್ಕೆ ಬಂದಿತು. ಅದಕ್ಕೆ ಮೊದಲು ಹತ್ತಾರು ಮಂದಿ ಕೂಡಿ, ದಡದಿಂದಲೇ ಎಳೆದು, ಬಂದುದನ್ನು ಪಾಲುಮಾಡಿಕೊಳ್ಳುತ್ತಿದ್ದ ರಂಪಣಿ ಬಲೆಯು ಕೆಲವೇ ವರ್ಷಗಳಲ್ಲಿ ನಿರುಪಯುಕ್ತವೆನಿಸಿತು. ರಂಪಣಿಯ ದೋಣಿಗೆ ರಂಧ್ರ ಬಿದ್ದಿರಲಿಲ್ಲ, ಬಲೆ ಹರಿದಿರಲಿಲ್ಲ. ಆದರೂ ಅವುಗಳನ್ನು ಕೇಳುವವರಿಲ್ಲವಾಯಿತು. ವಸ್ತುವು ಸವೆಯದೆಯೂ ಅದರ ಬೆಲೆ ಸವೆಯಬಲ್ಲುದೆಂಬ ಪಾಠವನ್ನು ಮೊಗವೀರರೂ ಖಾರ್ವಿಗಳೂ ಅಂದೇ ಕಲಿತರು. ಹೆಂಚು, ಅಕ್ಕಿ, ಉಪ್ಪುಗಳನ್ನು ಹೊತ್ತು ಮುಂಬಯಿಯವರೆಗೆ ಹಾಯಿ ಬಿಚ್ಚಿ ಹೋಗುತ್ತಿದ್ದ ಪತ್ತೆಮಾರಿಗಳ ಗತಿಯೂ ಲಾರಿ ಮತ್ತು ಸೇತುವೆಗಳು ಬಂದ ಮೇಲೆ ಹೀಗೆಯೇ ಆಯಿತು.

ಈಚಿನ ಕಾಲದ ಅಭದ್ರತೆಗಾದರೋ ಒಂದೇ ಕಾರಣವಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಣ ನಿಯಂತ್ರಣವನ್ನು ಕೇಂದ್ರ ಸರಕಾರವು ತೆಗೆದುಹಾಕಿತು. ಆಳಸಮುದ್ರಕ್ಕೆ ಹೋಗುವ ಬೋಟು ಒಂದು ಯಾತ್ರೆಗೆ ಹಲವು ಸಾವಿರ ಲೀಟರು ಡೀಸೆಲನ್ನು ಸುಡುವುದರಿಂದ, ರಾಜ್ಯ ಸರಕಾರದ ತೆರಿಗೆಯ ರಿಯಾಯತಿಯಿದ್ದರೂ, ಲೋಕದ ಯಾವುದೋ ಮೂಲೆಯ ಯುದ್ಧವು ಗಂಗೊಳ್ಳಿಯ ಯಜಮಾನನ ಲೆಕ್ಕವನ್ನು ತಲೆಕೆಳಗು ಮಾಡಬಲ್ಲುದು. ನಾಡದೋಣಿಗಳ ಸ್ಥಿತಿಯು ಇನ್ನೂ ನಾಜೂಕು. ಸಹಾಯಧನದ ಸೀಮೆಎಣ್ಣೆಯು ಕಾಲಕ್ಕೆ ದೊರೆಯದ ವರ್ಷ ಅವುಗಳ ಯಂತ್ರವು ಹೊರೆಯೇ ಹೊರತು ಆಸ್ತಿಯಲ್ಲ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಬುಲ್ ಟ್ರಾಲಿಂಗನ್ನೂ ದೀಪ ಬೆಳಗಿಸಿ ಮೀನು ಹಿಡಿಯುವುದನ್ನೂ ನಿಷೇಧಿಸಿತು. ಮತ್ಸ್ಯಸಂತಾನದ ರಕ್ಷಣೆಗೆ ಆ ಆಜ್ಞೆಯು ಅಗತ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಸಲಕರಣೆಗಾಗಿ ಸಾಲಮಾಡಿದವನಿಗೆ ಅದನ್ನು ಕೊಳ್ಳುವವರು ಯಾರು?

ಇವೆಲ್ಲಕ್ಕಿಂತ ಮಿಗಿಲಾದುದು ಮೀನಿನದೇ ಚಂಚಲತೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.99 ಲಕ್ಷ ಟನ್ನು ಬೂತಾಯಿ ದೊರೆತಿದ್ದು, 2021ರಲ್ಲಿ ಅದು 3,297 ಟನ್ನಿಗೆ ಇಳಿಯಿತೆಂದು ಕೇಂದ್ರೀಯ ಸಮುದ್ರ ಮತ್ಸ್ಯ ಸಂಶೋಧನ ಸಂಸ್ಥೆಯ ಲೆಕ್ಕವಿದೆ. ಕಡಲಿಗೆ ರಾಜ್ಯಗಳ ಗಡಿ ಇಲ್ಲ. ಹೊಲದ ಬೆಳೆ ನೂರರಲ್ಲಿ ಒಂದಕ್ಕಿಳಿದರೆ ಆ ಹೊಲಕ್ಕೆ ಎಷ್ಟು ಬೆಲೆ ಬಂದೀತೆಂಬುದನ್ನು ಸಿದ್ದಾಪುರದ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಹೊಲವಾದರೂ ನಿಂತಲ್ಲಿ ನಿಂತಿರುತ್ತದೆ. ದೋಣಿಯು ನಿಂತಷ್ಟೂ ಕೊಳೆಯುತ್ತದೆ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಎಲ್ಲ ದೌರ್ಬಲ್ಯಗಳೂ ಒಮ್ಮೆಲೆ ಹೊರಬಿದ್ದವು. ಋತುವಿನ ಕೊನೆಯ ತಿಂಗಳುಗಳು ಬಹುಪಾಲು ವ್ಯರ್ಥವಾದವು. ಒಡಿಶಾ, ಝಾರ್ಖಂಡ ಮೊದಲಾದ ದೂರದ ಪ್ರಾಂತಗಳಿಂದ ಬಂದ ಆಳುಗಳು ಊರಿಗೆ ಮರಳಿದರು. ನಷ್ಟವನ್ನು ತುಸು ತುಂಬುವ ಉದ್ದೇಶದಿಂದ ಆ ವರ್ಷ ನಿಷೇಧದ ಅವಧಿಯನ್ನು ಜೂನ್ 15ರಿಂದ 47 ದಿನಗಳಿಗೆ ಇಳಿಸಲಾಯಿತು. ಆದರೆ ಕಡಲಿಗಿಳಿಯಲು ಅನುಮತಿ ಇದ್ದ ಮಾತ್ರಕ್ಕೆ ಆಳೂ ಮಾರುಕಟ್ಟೆಯೂ ಒದಗುವುದಿಲ್ಲ.

ಅಂತಹ ಹೊತ್ತಿನಲ್ಲಿ ಹಳೆಯ ದೋಣಿಗಳ ಪೇಟೆಯು ಹೇಗೆ ವರ್ತಿಸುತ್ತದೆಂಬುದೇ ವಿಚಾರಯೋಗ್ಯವಾದ ಸಂಗತಿ. ಮಾರುವವರು ಹೆಚ್ಚಿ ಕೊಳ್ಳುವವರು ಕಡಿಮೆಯಾಗುವರೆಂಬುದು ಸರಿಯೇ. ಆದರೆ ಇಷ್ಟರಿಂದ ಮಾತು ಮುಗಿಯದು. ಶಕ್ತನಾದ ಯಜಮಾನನು ಒಳ್ಳೆಯ ದೋಣಿಯನ್ನು ಅಗ್ಗಕ್ಕೆ ಕೊಡಲೊಲ್ಲದೆ ಕಟ್ಟಿಹಾಕಿ ಕಾಯುತ್ತಾನೆ. ಪೇಟೆಗೆ ಬರುವುದು ಅಶಕ್ತನ ದೋಣಿ, ಅಂದರೆ ಎರಡು ಮೂರು ವರ್ಷ ಸರಿಯಾದ ದುರಸ್ತಿಯನ್ನು ಕಾಣದ ದೋಣಿ. ಕೊಳ್ಳುವವನೂ ಇದನ್ನು ಬಲ್ಲನಾದುದರಿಂದ ಎಲ್ಲ ದೋಣಿಗಳನ್ನೂ ಕೆಟ್ಟವೆಂದೇ ಎಣಿಸಿ ಬೆಲೆ ಕೇಳುತ್ತಾನೆ. ಆ ಬೆಲೆಯನ್ನು ಕೇಳಿ ಉಳಿದ ಒಳ್ಳೆಯ ದೋಣಿಗಳೂ ಪೇಟೆಯಿಂದ ಹಿಂದೆಗೆಯುತ್ತವೆ. ಜಾರ್ಜ್ ಅಕರ್ಲಾಫ್ ಎಂಬ ಅಮೇರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಮೋಟಾರುಗಳ ವ್ಯಾಪಾರವನ್ನು ಕುರಿತು ಇದೇ ತತ್ತ್ವವನ್ನು ಪ್ರತಿಪಾದಿಸಿದರು. ಈ ಬಗೆಯ ವಿಚಾರಗಳಿಗಾಗಿ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನಕ್ಕೂ ಪಾತ್ರರಾದರು. ಮೋಟಾರು ಕೆಟ್ಟರೆ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ದಡದಿಂದ ನೂರಾರು ಮೈಲಿ ದೂರದಲ್ಲಿ, ಗಾಳಿ ಎದ್ದ ರಾತ್ರಿಯಲ್ಲಿ, ದೋಣಿಯ ಯಂತ್ರ ಕೆಟ್ಟರೆ ಏನಾಗುವುದೆಂಬುದನ್ನು ನಾವು ಬಣ್ಣಿಸಬೇಕಾಗಿಲ್ಲ.

ಇಲ್ಲಿಯೇ ಈ ಪ್ರಶ್ನೆಯ ಮರ್ಮವಿರುವುದು. ಕೆಟ್ಟ ಕಾಲದಲ್ಲಿ ದೋಣಿಯ ಬೆಲೆ ಇಳಿಯುವುದನ್ನು ಯಾರೂ ತಡೆಯಲಾರರು, ತಡೆಯಬೇಕಾದುದೂ ಇಲ್ಲ. ಬೆಲೆ ಇಳಿದಾಗಲೇ ಬಡವನು ಯಜಮಾನನಾಗುವ ಸಂಭವವುಂಟು. ಆದರೆ ಅಗ್ಗದ ದೋಣಿಯೊಡನೆ ಅವನು ಅದರ ಗುಪ್ತದೋಷಗಳನ್ನೂ ಕೊಳ್ಳುತ್ತಾನೆ. ಹೊಸ ದೋಣಿಗೆ ಸಾಲಕೊಡಲು ಸಿದ್ಧವಿರುವ ಬ್ಯಾಂಕು ಹಳೆಯದೆಂದೊಡನೆ ಹಿಂಜರಿಯುವುದರಿಂದ ಅವನು ಹೆಚ್ಚಿನ ಬಡ್ಡಿಗೆ ಕೈಸಾಲ ಮಾಡುತ್ತಾನೆ. ಆ ಬಡ್ಡಿಯನ್ನು ತೀರಿಸಲು ಹವಾಮಾನದ ಎಚ್ಚರಿಕೆಯನ್ನು ಲೆಕ್ಕಿಸದೆ ಕಡಲಿಗೆ ಹೋಗುತ್ತಾನೆ. ನೋಂದಣಿಯು ಹಳೆಯ ಯಜಮಾನನ ಹೆಸರಿನಲ್ಲಿಯೇ ಉಳಿದಿದ್ದರೆ ರಿಯಾಯತಿಯ ಡೀಸೆಲಿಗೂ ವಿಮೆಗೂ ಅವನು ಇನ್ನೊಬ್ಬನ ಕೈ ನೋಡಬೇಕು. ಅಪಘಾತವಾದರೆ ಅವನ ಹೆಂಡತಿಮಕ್ಕಳು, ದೋಣಿಯು ತಮ್ಮದೆಂಬುದನ್ನೇ ಮೊದಲು ರುಜುವಾತುಪಡಿಸಬೇಕಾಗುತ್ತದೆ. 2023ರ ನವೆಂಬರ್ 13ರಂದು ಗಂಗೊಳ್ಳಿಯಲ್ಲಿ ಬೆಂಕಿ ಬಿದ್ದು ದಡದಲ್ಲಿದ್ದ ಹಲವು ಬೋಟುಗಳು ಕೆಲವೇ ಗಂಟೆಗಳಲ್ಲಿ ಭಸ್ಮವಾದುದನ್ನು ಈ ಸೀಮೆಯವರು ಮರೆತಿರಲಾರರು. ಜೀವಮಾನದ ಗಳಿಕೆಯೆಲ್ಲವೂ ಒಂದೇ ಒಡಲಿನಲ್ಲಿರುವವನಿಗೆ ಸರಿಯಾದ ಕಾಗದವು ಎಷ್ಟು ಮುಖ್ಯವೆಂಬುದಕ್ಕೆ ಬೇರೆ ದೃಷ್ಟಾಂತ ಬೇಡ.

ಹಾಗಾದರೆ ಆಗಬೇಕಾದುದೇನು? ನಾವು ಸರಕಾರದಿಂದ ದಾನವನ್ನು ಬೇಡುವುದಿಲ್ಲ. ವ್ಯವಸ್ಥೆಯನ್ನು ಬೇಡುತ್ತೇವೆ. ಮೊದಲನೆಯದಾಗಿ, ಮೀನುಗಾರಿಕೆಯ ಇಲಾಖೆಯವರು ನಿಷೇಧದ ಎರಡು ತಿಂಗಳಲ್ಲಿ ಪ್ರತಿಯೊಂದು ಬಂದರದಲ್ಲಿಯೂ ಅನುಭವಸ್ಥ ಮೇಸ್ತ್ರಿಯೊಬ್ಬನನ್ನೂ ಯಂತ್ರಜ್ಞನೊಬ್ಬನನ್ನೂ ನೇಮಿಸಿ, ಮಾರಾಟಕ್ಕೆ ಬಂದ ದೋಣಿಯ ಒಡಲು, ಯಂತ್ರಗಳನ್ನು ಅಲ್ಪ ಶುಲ್ಕಕ್ಕೆ ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಡಿಸತಕ್ಕದ್ದು. ಇದರಿಂದ ಕೊಳ್ಳುವವನಿಗೆ ಭಯ ತಪ್ಪುವುದು, ಒಳ್ಳೆಯ ದೋಣಿಯನ್ನು ಮಾರುವವನಿಗೆ ನ್ಯಾಯವಾದ ಬೆಲೆ ಸಿಕ್ಕುವುದು. ಎರಡನೆಯದಾಗಿ, ಯಜಮಾನಿಕೆಯ ವರ್ಗಾವಣೆಯು ಅದೇ ಸ್ಥಳದಲ್ಲಿ, ಗೊತ್ತಾದ ದಿನಗಳೊಳಗೆ ಮುಗಿಯತಕ್ಕದ್ದು. ವಿಮೆಯೂ ಅದರೊಡನೆಯೇ ಸಾಗತಕ್ಕದ್ದು. ಮೂರನೆಯದಾಗಿ, ಪ್ರಮಾಣಪತ್ರವುಳ್ಳ ಹಳೆಯ ದೋಣಿಗೆ ಸಹಕಾರ ಸಂಘಗಳು ಸಾಲಕೊಡಲು ಮುಂದೆ ಬರಬೇಕು. ನಾಲ್ಕನೆಯದಾಗಿ, ಆದ ವ್ಯಾಪಾರಗಳ ಬೆಲೆಯನ್ನು ಬಂದರದ ಕಚೇರಿಯಲ್ಲಿ ಬರೆದು ಹಾಕಿದರೆ ದಲ್ಲಾಳಿಯ ಮಾತೇ ವೇದವಾಕ್ಯವಾಗಿರುವ ಸ್ಥಿತಿಯು ತಾನಾಗಿ ಕೊನೆಗಾಣುವುದು.

ಇದು ಅಸಾಧ್ಯವೆನ್ನುವವರಿಗೆ ನಮ್ಮ ಜಿಲ್ಲೆಗಳ ಚರಿತ್ರೆಯೇ ಉತ್ತರವೀಯುತ್ತದೆ. ಕುಂದಾಪುರ ಸೀಮೆಯ ಊರೊಂದರ ಹೆಸರನ್ನು ಹೊತ್ತ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದಾಗ ರೈತನಿಗೆ ಸಾಹುಕಾರನ ಹೊರತು ಬೇರೆ ಗತಿಯಿರಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು, 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ದಿನಕ್ಕೆರಡಾಣೆ ಉಳಿಸುವವನನ್ನೂ ಗಿರಾಕಿಯೆಂದು ಮನ್ನಿಸಿತು. ಸಣ್ಣವನ ಸಣ್ಣ ಆಸ್ತಿಯನ್ನು ನಂಬಿದ ನಾಡು ಇದು. ಅವನ ಹಳೆಯ ದೋಣಿಯನ್ನು ಮಾತ್ರ ನಂಬಲಾರೆವೆನ್ನುವುದು ನಮಗೆ ಶೋಭಿಸದು.

ಅನಿಶ್ಚಿತತೆಯು ಕಡಲಿನ ಸ್ವಭಾವ. ಅದನ್ನು ಮೀನುಗಾರನು ಹುಟ್ಟಿನಿಂದಲೇ ಒಪ್ಪಿಕೊಂಡಿದ್ದಾನೆ. ದಡದ ಮೇಲಣ ಅನಿಶ್ಚಿತತೆಯಾದರೋ ಮನುಷ್ಯಕೃತವಾದುದು. ಅದನ್ನು ಕಡಿಮೆಮಾಡುವುದು ನಮ್ಮ ಕೈಯಲ್ಲಿದೆ. ಸಿದ್ದಾಪುರ, ಕುಂದಾಪುರಗಳ ಮಹಾಜನರೂ, ಸಹಕಾರ ಸಂಘಗಳ ನಿರ್ದೇಶಕರೂ, ಇಲಾಖೆಯ ಅಧಿಕಾರಿಗಳೂ ಮುಂದಿನ ನಿಷೇಧದ ಅವಧಿಯು ಆರಂಭವಾಗುವುದಕ್ಕೆ ಮೊದಲು, ದೋಣಿಗಳು ದಡಕ್ಕೆ ಬರುವಷ್ಟರಲ್ಲಿ, ಈ ವಿಷಯವನ್ನು ಕೂಡಿ ಆಲೋಚಿಸುವರೆಂದು ನಾವು ನಂಬುತ್ತೇವೆ.