ಗೃಹಸಾಲವಿರುವ ಮನೆಯಲ್ಲಿ ಶಿಶುಪಾಲನಾ ಕೇಂದ್ರ: ಸದಸ್ಯರ ಗಮನಕ್ಕೆ

ತಣಿಸಂದ್ರ ಇಂದು ನಗರಾಡಳಿತದ ವ್ಯಾಪ್ತಿಯಲ್ಲಿದ್ದರೂ, ಅದರ ಆಚೆಗಿನ ಗ್ರಾಮಗಳಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ತಮ್ಮ ಮನೆಯಲ್ಲಿಯೇ ನೋಡಿಕೊಳ್ಳಲು ಮುಂದಾಗುವ ಮಹಿಳೆಯರು ಪಂಚಾಯಿತಿಯ ಪರವಾನಗಿ ಕೋರುವುದುಂಟು. ಆ ಮನೆಯ ಮೇಲೆ ಗೃಹಸಾಲವಿದೆಯೇ ಎಂಬುದನ್ನು ಸದಸ್ಯರು ಮೊದಲು ವಿಚಾರಿಸತಕ್ಕದ್ದು.

ಮನೆಯನ್ನು ವಾಸಕ್ಕೆ ಮಾತ್ರ ಬಳಸತಕ್ಕದ್ದೆಂದೂ, ಬಳಕೆ ಬದಲಿಸಲು ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕೆಂದೂ ಗೃಹಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಷರತ್ತಿರುತ್ತದೆ. ನೆರೆಮನೆಯ ಒಂದೆರಡು ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಫಲಕ ಹಾಕಿ, ಶುಲ್ಕ ಪಡೆದು ಕೇಂದ್ರ ನಡೆಸುವುದಕ್ಕೂ ವ್ಯತ್ಯಾಸವುಂಟು. ಆದರೆ ಆ ಗೆರೆಯನ್ನು ನಿರ್ಧರಿಸುವುದು ಕರಾರೇ ಹೊರತು ಪಂಚಾಯಿತಿಯಲ್ಲ. ಪಂಚಾಯಿತಿಯ ಪರವಾನಗಿಯು ಸಾಲದಾತರ ಒಪ್ಪಿಗೆಗೆ ಬದಲಾಗದು. ಷರತ್ತು ಮೀರಿದಲ್ಲಿ ಪೂರ್ಣ ಸಾಲವನ್ನು ಒಮ್ಮೆಲೇ ಮರುಪಾವತಿಸುವಂತೆ ಕೇಳಲು ಕರಾರು ಅವಕಾಶ ನೀಡಬಹುದು. ಅದನ್ನು ಕಟ್ಟಲಾಗದೆ ಸಾಲವು ಅನುತ್ಪಾದಕವೆಂದು ವರ್ಗೀಕರಣಗೊಂಡರೆ, 2002ರ ಸರ್ಫೇಸಿ ಕಾಯ್ದೆಯ 13ನೇ ಪ್ರಕರಣದಂತೆ 60 ದಿನಗಳ ನೋಟಿಸಿನ ನಂತರ ಬ್ಯಾಂಕು ಮನೆಯನ್ನೇ ಸ್ವಾಧೀನಕ್ಕೆ ಪಡೆಯಬಹುದು.

ಆದ್ದರಿಂದ ಮಕ್ಕಳ ಸಂಖ್ಯೆ, ವೇಳೆ ಹಾಗೂ ಬಳಸುವ ಕೊಠಡಿಗಳನ್ನು ನಮೂದಿಸಿ ಶಾಖೆಗೆ ಪತ್ರ ಬರೆದು, ಉತ್ತರವನ್ನು ಲಿಖಿತವಾಗಿಯೇ ಪಡೆಯುವಂತೆ ಅರ್ಜಿದಾರರಿಗೆ ತಿಳಿಹೇಳತಕ್ಕದ್ದು. ಬಾಯಿಮಾತಿನ ಭರವಸೆಯು ಅಧಿಕಾರಿ ವರ್ಗವಾದ ಮರುದಿನ ಉಳಿಯುವುದಿಲ್ಲ. 2023-24ರ ಆಯವ್ಯಯದಲ್ಲಿ ಘೋಷಣೆಯಾದ ‘ಕೂಸಿನ ಮನೆ’ಯು ಸಾರ್ವಜನಿಕ ಕಟ್ಟಡದಲ್ಲಿ ನಡೆಯುವುದರಿಂದ ಅದಕ್ಕೆ ಈ ತೊಡಕಿಲ್ಲ, ತಮ್ಮ ಪಂಚಾಯಿತಿಯಲ್ಲಿ ಅದು ಇದ್ದಲ್ಲಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ತಿಳಿಸುವುದು.